ಪದ ಪರಿಚಯ: ತುರ್ತು ಕಾಲದ ತಾಯ್ತನದ ಆರೋಗ್ಯ ಮಾಹಿತಿ ನಿರ್ವಹಣೆ

ನೆರೆ ಬಂದಾಗ ಮೊದಲು ಲೆಕ್ಕ ಹಾಕುವುದು ಬಿದ್ದ ಮನೆ, ಕೊಚ್ಚಿಹೋದ ದನ, ಬೇಕಾಗುವ ಅಕ್ಕಿ. ಬಸುರಿಯರು ಎಷ್ಟು ಜನ, ಯಾರಿಗೆ ದಿನ ತುಂಬಿದೆ ಅನ್ನುವ ಲೆಕ್ಕ ಹಿಂದೆ ಬೀಳುತ್ತದೆ. ಹೆರಿಗೆ ನೋವು ಮಾತ್ರ ನೀರಿಳಿಯಲಿ ಅಂತ ಕಾಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕದ್ರಾ ಅಣೆಕಟ್ಟಿನ ಗೇಟು ತೆರೆದು ಕಾಳಿ ನದಿ ದಂಡೆಯ ಊರುಗಳಿಗೆ ನೀರು ನುಗ್ಗಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಎಷ್ಟೋ ದಿನ ಬಂದ್ ಆಯಿತು. ಇಂಥ ದಿನಗಳಲ್ಲಿ ಬಸುರಿ, ಬಾಣಂತಿ, ಹಸುಗೂಸು, ಗರ್ಭನಿರೋಧಕ ಬೇಕಾದವರು, ದೌರ್ಜನ್ಯಕ್ಕೆ ಒಳಗಾದವರು, ಇವರಿಗೆ ಸಂಬಂಧಿಸಿದ ಮಾಹಿತಿಯನ್ನು ಸಂಗ್ರಹಿಸಿ, ಸರಿಯಾದ ಕೈಗೆ ಮುಟ್ಟಿಸಿ, ತಪ್ಪು ಕೈಗೆ ಸಿಗದಂತೆ ಕಾಯುವ ಕೆಲಸವೇ ಈ ಮಾಹಿತಿ ನಿರ್ವಹಣೆ.

ಇದಕ್ಕೆ ಜಗತ್ತಿನ ಮಟ್ಟದಲ್ಲಿ ಒಂದು ಕ್ರಮ ಇದೆ. 1994ರಲ್ಲಿ ಕೈರೋದಲ್ಲಿ ನಡೆದ ಜನಸಂಖ್ಯಾ ಸಮ್ಮೇಳನದಲ್ಲಿ ನಿರಾಶ್ರಿತ ಹೆಣ್ಣುಮಕ್ಕಳ ಆರೋಗ್ಯದ ಮಾತು ಬಂತು. ಮರುವರ್ಷ ಹಲವು ಸಂಸ್ಥೆಗಳು ಸೇರಿ ಒಂದು ಕಾರ್ಯತಂಡ ಕಟ್ಟಿದವು. ತುರ್ತಿನ ಮೊದಲ ದಿನಗಳಲ್ಲೇ ಏನೇನು ಸೇವೆ ಇರಲೇಬೇಕು ಅಂತ ಆ ತಂಡದ ಕೈಪಿಡಿ ಹೇಳುತ್ತದೆ. ಅದಕ್ಕೆ ಕನಿಷ್ಠ ಆರಂಭಿಕ ಸೇವಾ ಪ್ಯಾಕೇಜ್, ಚಿಕ್ಕದಾಗಿ ಎಂಐಎಸ್‌ಪಿ ಅನ್ನುತ್ತಾರೆ. ದೊಡ್ಡ ಸಮೀಕ್ಷೆ ಮುಗಿಯಲಿ ಅಂತ ಕಾಯಬೇಡಿ, ಅಂದಾಜಿನ ಮೇಲೆ ಕೆಲಸ ಶುರು ಮಾಡಿ ಅನ್ನುವುದು ಅದರ ಮುಖ್ಯ ಮಾತು. ನನಗೆ ತುಂಬ ಹಿಡಿಸಿದ್ದೂ ಇದೇ.

ಅಂದಾಜು ಹೇಗೆ? ಸ್ಥಳೀಯ ಅಂಕಿ ಸಿಗದಿದ್ದರೆ ವರ್ಷಕ್ಕೆ ಜನಸಂಖ್ಯೆಯ ಶೇ 4ರಷ್ಟು ಹೆರಿಗೆ ಅಂತ ಹಿಡಿಯುತ್ತಾರೆ. 10,000 ಜನರಿದ್ದರೆ ವರ್ಷಕ್ಕೆ 400, ಮೂರು ತಿಂಗಳಿಗೆ 100. ಅದರಲ್ಲಿ ಸುಮಾರು ಶೇ 15ರಷ್ಟು ಬಸುರಿಯರಿಗೆ ತೊಡಕು ಬರಬಹುದು. ಔಷಧಿ, ಸಲಕರಣೆಗಳ ಕಿಟ್‌ಗಳನ್ನೂ ಇಂಥ ಲೆಕ್ಕದ ಮೇಲೇ ಕಟ್ಟಿರುತ್ತಾರೆ. ನಮ್ಮ ಕಡೆ ಶೇ 4 ಜಾಸ್ತಿಯಾಯಿತು. ಕರ್ನಾಟಕದಲ್ಲಿ ಜನನ ಪ್ರಮಾಣ ಸಾವಿರಕ್ಕೆ 20ಕ್ಕಿಂತ ಕಡಿಮೆ. ವರ್ಷಕ್ಕೆ 20 ಅಂತಲೇ ಹಿಡಿಯಿರಿ. ಸಾವಿರ ಜನರ ಕಾಳಜಿ ಕೇಂದ್ರದಲ್ಲಿ ಯಾವುದೇ ಹೊತ್ತಿಗೆ ಹೆಚ್ಚೆಂದರೆ 15 ಬಸುರಿಯರು, ಮುಂದಿನ ಒಂದು ತಿಂಗಳಲ್ಲಿ ಒಂದೆರಡು ಹೆರಿಗೆ. ಶಾಲೆಯ ಕೋಣೆಯಲ್ಲಿ ಕೂತು ಐದು ನಿಮಿಷದಲ್ಲಿ ಹಾಕುವ ಲೆಕ್ಕ ಇದು.

ಅಂದಾಜಿಗೆ ಇನ್ನೊಂದು ಉಪಯೋಗ ಇದೆ. ಆಶಾ ಕಾರ್ಯಕರ್ತೆಯ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಅಂದಾಜು 12 ಅಂದು, ಪಟ್ಟಿಯಲ್ಲಿ ಐದೇ ಹೆಸರು ಇದ್ದರೆ, ಯಾರೋ ಬಿಟ್ಟುಹೋಗಿದ್ದಾರೆ ಅನ್ನುವ ಅನುಮಾನ ಬರಬೇಕು. ಬಂದರಿನಲ್ಲಿ, ರಸ್ತೆ ಕೆಲಸದಲ್ಲಿ ದುಡಿಯಲು ಹೊರಗಿನಿಂದ ಬಂದ ಕುಟುಂಬದ ಹೆಂಗಸರು ಇರಬಹುದು. ನೆಂಟರ ಮನೆ ಸೇರಿದವರಿರಬಹುದು. ಮೊದಲ ಹೆರಿಗೆಗೆ ತವರಿಗೆ ಬಂದವಳೂ ಇರಬಹುದು. ಹುಬ್ಬಳ್ಳಿಯಲ್ಲಿ ಗಂಡನ ಮನೆ, ಅಂಕೋಲಾದಲ್ಲಿ ತವರು ಅಂದರೆ ಅವಳ ಹೆಸರು ಅಲ್ಲಿನ ಪಟ್ಟಿಯಲ್ಲಿರುತ್ತದೆ, ಅವಳು ಇಲ್ಲಿರುತ್ತಾಳೆ. ತಾಯಿ ಕಾರ್ಡ್ ಕೈಯಲ್ಲಿದ್ದರೆ ಅದರ ಮೇಲಿನ ಆರ್‌ಸಿಎಚ್ (ಸರ್ಕಾರದ ತಾಯಿ-ಮಗು ಆರೋಗ್ಯ ನೋಂದಣಿ) ನಂಬರಿನಿಂದ ಹಿಂದಿನ ವಿವರ ಹುಡುಕಬಹುದು. ಕಾರ್ಡ್ ನೀರುಪಾಲಾಗಿದ್ದರೆ? ಆಗ ಬಾಯಿಮಾತೇ ಗತಿ.

ಆ ಬಾಯಿಮಾತಿಗೂ ಬೆಲೆ ಇದೆ. "ಕಡೆಗೆ ಹೊರಗಾದದ್ದು ಯಾವಾಗ ತಂಗಿ?" ಅಂದರೆ ತಾರೀಖು ಹೇಳುವವರು ಕಡಿಮೆ. "ದೀಪಾವಳಿ ಮುಗಿದ ವಾರ ಅಕ್ಕ" ಅನ್ನುತ್ತಾರೆ. ಕ್ಯಾಲೆಂಡರ್ ತೆಗೆದು ನೋಡಿದರೆ ಅದು ನವೆಂಬರ್ 5ರ ಸುಮಾರು ಅಂತಿಟ್ಟುಕೊಳ್ಳಿ. ಒಂಬತ್ತು ತಿಂಗಳು, ಏಳು ದಿನ ಕೂಡಿಸಿ. ಹೆರಿಗೆಯ ಅಂದಾಜು ದಿನ ಆಗಸ್ಟ್ 12. ನಮ್ಮ ನದಿಗಳು ತುಂಬಿ ಹರಿಯುವ ಕಾಲ. ಹಬ್ಬದ ಹೆಸರಿನಿಂದ ಹುಟ್ಟಿದ ಈ ಒಂದು ತಾರೀಖಿನ ಮೇಲೆ ಆಕೆಯನ್ನು ಇಂದೇ ಆಸ್ಪತ್ರೆ ಹತ್ತಿರಕ್ಕೆ ಸಾಗಿಸಬೇಕೋ, ಇಲ್ಲೇ ನೋಡಿಕೊಳ್ಳಬಹುದೋ ಅಂತ ತೀರ್ಮಾನಿಸಬೇಕು.

ಹಾಗಾಗಿ ಪ್ರತಿ ಪ್ರಶ್ನೆಯ ಹಿಂದೆ ಒಂದು ಕೆಲಸ ಇರಬೇಕು. ಹೆರಿಗೆ ಯಾವಾಗ, ಹಿಂದಿನದು ಸಿಸೇರಿಯನ್ನೋ, ಬಿಪಿ ಇದೆಯೋ, ರಕ್ತ ಕಡಿಮೆಯೋ, ಜತೆಗೆ ಬರುವವರು ಯಾರು. ಇವಿಷ್ಟು ಸಿಕ್ಕರೆ ಗಾಡಿ ಹೊರಡಿಸಬಹುದು. ಮೂವತ್ತು ಕಾಲಂಗಳ ಫಾರಂ ಹಿಡಿದು ಒದ್ದೆ ಬಟ್ಟೆಯಲ್ಲಿ ನಿಂತವಳನ್ನು ಸುಮ್ನೆ ಪ್ರಶ್ನೆ ಕೇಳುತ್ತಾ ಹೋಗುವುದು ಅನ್ಯಾಯ. ಇನ್ನು ರೋಗಿಯ ಮಾಹಿತಿಯಷ್ಟೇ ಸಾಲದು. ಯಾವ ಆಸ್ಪತ್ರೆಯಲ್ಲಿ ಇಂದು ಆಪರೇಷನ್ ಮಾಡುವ ಡಾಕ್ಟರು ಇದ್ದಾರೆ, ರಕ್ತ ಎಲ್ಲಿ ಸಿಗುತ್ತದೆ, ಅರಬೈಲ್ ಘಟ್ಟ ಓಪನ್ ಇದೆಯಾ, ದೇವಿಮನೆ ಘಟ್ಟ ಹೇಗಿದೆ ಅನ್ನುವುದೂ ಇದೇ ಪುಸ್ತಕದಲ್ಲಿ ಇರಬೇಕು, ದಿನಾ ತಿದ್ದುತ್ತಿರಬೇಕು. ಶಿರೂರಿನಲ್ಲಿ ಹೆದ್ದಾರಿ ನಿಂತಾಗ ಅದರ ದಕ್ಷಿಣದವರಿಗೆ ಕಾರವಾರದ ಜಿಲ್ಲಾಸ್ಪತ್ರೆ ದೂರವಾಯಿತು. ಗಂಭೀರ ಕೇಸು ಬಂದರೆ ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ಓಡುವ ಜಿಲ್ಲೆ ನಮ್ಮದು. ದಾರಿಯ ಸುದ್ದಿ ಇಲ್ಲದ ರಿಜಿಸ್ಟರು ಇಲ್ಲಿ ಅರ್ಧ ರಿಜಿಸ್ಟರು.

ಗುಟ್ಟು ಕಾಯುವ ಭಾಗಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ. ಸಹಾಯ ಮಾಡುವ ಅವಸರದಲ್ಲಿ ಪಟ್ಟಿಯ ಫೋಟೋ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಆ ಹಾಳೆಯಲ್ಲಿ ಒಬ್ಬಳು ಮನೆಯವರಿಗೂ ಹೇಳದ ಬಸುರು ಇದೆ, ಇನ್ನೊಬ್ಬಳ ಎಚ್‌ಐವಿ ವಿವರ ಇದೆ. ಫೋಟೋ ಒಮ್ಮೆ ಹೊರಟರೆ ವಾಪಸ್ ಬರುವುದಿಲ್ಲ. ಹೆಸರು ತೆಗೆದರೆ ಸಾಕು ಅನ್ನುವುದೂ ತಪ್ಪು. ಐವತ್ತು ಮನೆಯ ಊರಿನಲ್ಲಿ "17 ವರ್ಷದ ಒಬ್ಬ ಹುಡುಗಿ" ಅಂತ ಬರೆದರೆ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ ಅಲ್ವಾ? ಅದಕ್ಕೇ ಸಣ್ಣ ಸಂಖ್ಯೆಗಳನ್ನು ಊರಿನ ಮಟ್ಟದಲ್ಲಿ ಹೇಳದೆ ತಾಲ್ಲೂಕಿನ ಮಟ್ಟದಲ್ಲಿ ಕೂಡಿಸಿ ಹೇಳಬೇಕು. ಹೆಸರಿರುವ ಪುಸ್ತಕ ಬೀಗದೊಳಗೆ, ಒಬ್ಬರ ಜವಾಬ್ದಾರಿಯಲ್ಲಿ ಇರಬೇಕು. ಮೇಲಿನವರಿಗೆ ಹೋಗುವ ವರದಿಯಲ್ಲಿ ಬರೀ ಸಂಖ್ಯೆ.

ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಲೆಕ್ಕಕ್ಕಾಗಿ ಯಾರನ್ನೂ ಹೋಗಿ ಕೇಳಬಾರದು. ಮೊದಲು ಚಿಕಿತ್ಸೆಯ ವ್ಯವಸ್ಥೆ, ಅದು ಎಲ್ಲಿ ಸಿಗುತ್ತದೆ ಅನ್ನುವ ಪ್ರಚಾರ. ಎಚ್‌ಐವಿ ತಡೆಯುವ ಮದ್ದು 72 ಗಂಟೆಯೊಳಗೆ ಶುರುವಾಗಬೇಕು. ತುರ್ತು ಗರ್ಭನಿರೋಧಕಕ್ಕೆ 120 ಗಂಟೆ. ಈ ಎರಡು ಗಡುವು ಕೇಂದ್ರದ ಪ್ರತಿ ಹೆಣ್ಣಿಗೂ ತಿಳಿದಿರಬೇಕು. ಬಂದವರ ವಿವರ ಚಿಕಿತ್ಸೆ ಕೊಟ್ಟವರ ಹತ್ತಿರ, ಕೋಡ್ ನಂಬರಿನಲ್ಲಿ ಮಾತ್ರ. ಅತ್ಯಾಚಾರಕ್ಕೆ ಒಳಗಾದವರ ಗುರುತು ಪ್ರಕಟಿಸುವುದು ನಮ್ಮ ಕಾನೂನಿನಲ್ಲಿ ಅಪರಾಧ. ಗರ್ಭಪಾತ ಮಾಡಿಸಿಕೊಂಡವರ ಹೆಸರನ್ನು ಗುಟ್ಟಾಗಿಡಬೇಕು ಅಂತ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯೂ ಹೇಳುತ್ತದೆ.

ನೀರಿಳಿದು ಜನ ಮನೆಗೆ ಹೊರಟಾಗ ಕೇಂದ್ರದ ಪುಸ್ತಕವನ್ನು ಅಲ್ಲೇ ಬಿಟ್ಟುಬಿಡುವಂತಿಲ್ಲ. ಅಲ್ಲಿ ಆದ ತಪಾಸಣೆ, ಕೊಟ್ಟ ಚುಚ್ಚುಮದ್ದು, ಹುಟ್ಟಿದ ಮಗುವಿನ ತೂಕ ತಾಯಿ ಕಾರ್ಡಿಗೆ ಏರಬೇಕು. ಕಾರ್ಡ್ ಕಳೆದವರಿಗೆ ಹೊಸದು ಸಿಗಬೇಕು. ಅವಳ ಊರಿನ ಆಶಾಗೆ ಮುಂದಿನ ಭೇಟಿಯ ತಾರೀಖು ಮುಟ್ಟಬೇಕು. ಅವಸರಕ್ಕೆ ಮಾಡಿಕೊಂಡ ಹೆಚ್ಚಿನ ಪ್ರತಿಗಳನ್ನು ಹರಿದು ಸುಡಬೇಕು, ಫೋನುಗಳಲ್ಲಿ ಉಳಿದದ್ದನ್ನು ಅಳಿಸಬೇಕು. ಮೂಲ ಪುಸ್ತಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸೇರಬೇಕು.