ಹಸಿವಿಲ್ಲದೆ ಡಬ್ಬಿಗೆ ಕೈ ಹೋಗುವ ಹೊತ್ತು

ತೂಕವೋ ಮಧುಮೇಹವೋ ಹೆಚ್ಚಾಯಿತೆಂದು ಆಹಾರದ ಸಲಹೆಗೆ ಬರುವವರು ತಾವು ಏನು ತಿನ್ನುತ್ತೇವೆ ಎಂಬುದನ್ನು ಸಾಮಾನ್ಯವಾಗಿ ಸರಿಯಾಗಿಯೇ ಹೇಳುತ್ತಾರೆ. ಯಾವ ಹೊತ್ತಿಗೆ, ಯಾವುದರ ಬೆನ್ನಿಗೆ ತಿನ್ನುತ್ತೀರಿ ಎಂದು ಕೇಳಿದಾಗ ಮಾತ್ರ ತಡವರಿಸುತ್ತಾರೆ. ಬೆಳಗ್ಗೆ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಗಂಜಿ ಎಂದು ಬರೆದುಕೊಟ್ಟ ಪಟ್ಟಿಯಲ್ಲಿ ದೋಷ ಹುಡುಕುವಂಥದ್ದು ಹೆಚ್ಚೇನೂ ಇರುವುದಿಲ್ಲ. ಪಟ್ಟಿಗೆ ಸೇರದೆ ಉಳಿಯುವುದು ಕಪಾಟಿನಲ್ಲಿರುವ ಬಾಳೆಕಾಯಿ ಚಿಪ್ಸ್, ಮಿಕ್ಸ್ಚರ್, ಗಲ್ಫಿನಿಂದ ಬಂದ ಚಾಕೊಲೇಟು. ನಿಂತುಕೊಂಡೇ ಬಾಯಿಗೆ ಹಾಕಿಕೊಂಡದ್ದು ತಿಂದ ಲೆಕ್ಕಕ್ಕೆ ಬರುವುದಿಲ್ಲವಲ್ಲ!

ಹೊಟ್ಟೆಯ ಹಸಿವು ನಿಧಾನವಾಗಿ ಏರುತ್ತದೆ, ಸಿಕ್ಕಿದ್ದನ್ನು ಒಪ್ಪಿಕೊಳ್ಳುತ್ತದೆ, ತುಂಬಿದಾಗ ಸುಮ್ಮನಾಗುತ್ತದೆ. ಬೇಸರ, ಕಳವಳ, ಸಿಟ್ಟು, ಒಂಟಿತನಗಳಿಂದ ಹುಟ್ಟುವ ತಿನ್ನುವ ಬಯಕೆ ಥಟ್ಟನೆ ಬರುತ್ತದೆ, ಕರಿದದ್ದೋ ಸಿಹಿಯೋ ಇಂಥದ್ದೇ ಬೇಕೆಂದು ಹಟ ಹಿಡಿಯುತ್ತದೆ, ಹೊಟ್ಟೆ ತುಂಬಿದ ಮೇಲೂ ನಿಲ್ಲದೆ ಕೊನೆಗೆ ಒಂದಿಷ್ಟು ನಾಚಿಕೆಯನ್ನು ಉಳಿಸಿ ಹೋಗುತ್ತದೆ. ಈಗ ಗಂಜಿ, ಉಪ್ಪಿನಕಾಯಿ ಕೊಟ್ಟರೆ ಆದೀತೇ ಎಂದು ತಮ್ಮನ್ನೇ ಕೇಳಿಕೊಳ್ಳುವುದು ಇವೆರಡನ್ನು ಬೇರ್ಪಡಿಸುವ ಸುಲಭದ ಪರೀಕ್ಷೆ. ಹಾಗೆಂದು ಸಂಜೆಯ ಚಹಾಕ್ಕೆ ಹಲಸಿನ ಹಪ್ಪಳ ಮುರಿದು ತಿನ್ನುವುದನ್ನು ಸಮಸ್ಯೆ ಎನ್ನಬೇಕಾಗಿಲ್ಲ. ಮನೆಮಂದಿಯ ಜೊತೆ ಕುಳಿತು ತಿನ್ನುವ ಸುಖಕ್ಕೆ ರೋಗದ ಹೆಸರಿಡುವ ಉತ್ಸಾಹ ಈಚೆಗೆ ತುಸು ಹೆಚ್ಚೇ ಆಗಿದೆ.

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ ಕಡೆಯ ಮನೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಒಂದು ಚಿತ್ರವನ್ನು, ಯಾರ ಗುರುತೂ ಸಿಗದಂತೆ ಹಲವರ ಅನುಭವಗಳನ್ನು ಬೆರೆಸಿ ಹೇಳುತ್ತೇನೆ. ಮಗ ದುಬಾಯಿಯಲ್ಲಿದ್ದಾನೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿರುವುದರಿಂದ ಅವನು ಕೆಲಸ ಮುಗಿಸಿ, ಉಂಡು, ವಿಡಿಯೊ ಕರೆ ಮಾಡುವಾಗ ಇಲ್ಲಿ ರಾತ್ರಿ ಹತ್ತೂವರೆ. ತಾಯಿಯ ಊಟ ಎಂಟಕ್ಕೇ ಮುಗಿದಿರುತ್ತದೆ. ಕರೆ ನಿಂತ ಮೇಲೆ ಮನೆಯಲ್ಲಿ ಮಾತಿಲ್ಲ, ನಿದ್ದೆಯೂ ಬರುವುದಿಲ್ಲ. ಅಡುಗೆಮನೆಯ ದೀಪ ಹಾಕಿ ಡಬ್ಬಿ ತೆರೆದರೆ ಅರ್ಧ ಖಾಲಿಯಾದ ಮೇಲೆಯೇ ಮುಚ್ಚುವುದು. ಇಂಥವರಿಗೆ ನಾನು ಕೊಡುವ ಕೆಲಸವೆಂದರೆ, ಎರಡು ವಾರ ಗೋಡೆಯ ಕ್ಯಾಲೆಂಡರಿನ ಚೌಕದೊಳಗೆ ತಿಂದ ಹೊತ್ತನ್ನೂ ಅದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ ನಡೆದದ್ದನ್ನೂ ಎರಡೇ ಪದಗಳಲ್ಲಿ ಬರೆದಿಡುವುದು. ತಿಂಡಿಯ ಹೆಸರಾಗಲಿ ಕ್ಯಾಲೊರಿಯಾಗಲಿ ಬೇಡ. ಕರೆ ಬಂದ ರಾತ್ರಿಗಿಂತ ಬಾರದ ರಾತ್ರಿಯೇ ಹೆಚ್ಚು ತಿಂದದ್ದು ಎಂಬುದು ಆ ಚೌಕಗಳಲ್ಲಿ ಕಾಣಿಸಿತೆಂದರೆ ಡಬ್ಬಿಯನ್ನು ಅಟ್ಟಕ್ಕೇರಿಸಿ ಪ್ರಯೋಜನವಿಲ್ಲವೆಂದು ಅವರಿಗೇ ತಿಳಿಯುತ್ತದೆ. ಕರೆಯನ್ನು ಮಗನ ಮಧ್ಯಾಹ್ನದ ಬಿಡುವಿಗೆ, ಅಂದರೆ ಇಲ್ಲಿಯ ಎರಡೂವರೆಗೆ ಬದಲಿಸಿಕೊಂಡದ್ದು ಯಾವ ಪಥ್ಯಕ್ಕಿಂತಲೂ ಹೆಚ್ಚು ಉಪಕಾರ ಮಾಡಿದ್ದುಂಟು.

ದೇಹದ ಪಾಲನ್ನೂ ಮರೆಯಬಾರದು. ಹಠಾತ್ತಾದ ಆತಂಕ ಹಸಿವನ್ನು ಅಡಗಿಸಿದರೆ, ಮಳೆ ಬಿಡದೆ, ತೋಟಕ್ಕೆ ಮದ್ದು ಬಿಡಲಾಗದೆ, ಕೊಳೆರೋಗದ ಅಡಿಕೆ ಉದುರುವುದನ್ನು ನೋಡುತ್ತಾ ವಾರಗಟ್ಟಲೆ ಕುಳಿತ ಕೃಷಿಕನ ಚಿಂತೆಯಂಥ ದೀರ್ಘ ಒತ್ತಡದಲ್ಲಿ ಕಾರ್ಟಿಸಾಲ್ ಹಾರ್ಮೋನು ಏರಿ ಸಿಹಿ ಮತ್ತು ಕೊಬ್ಬಿನ ಆಸೆಯನ್ನು ಕೆರಳಿಸಬಹುದು. ನಿದ್ದೆಗೆಟ್ಟರೂ ಹಸಿವು ಹೆಚ್ಚುತ್ತದೆ. ಇನ್ನು, ಬೆಳಗ್ಗೆ ಏನೂ ತಿನ್ನದೆ ಮಂಗಳೂರಿನ ರೈಲು ಹತ್ತಿ, ಮಧ್ಯಾಹ್ನ ಒಂದು ಪಫ್ಸ್ ತಿಂದು, ಸಂಜೆ ಮನೆಗೆ ಬಂದು ಕಂಡದ್ದನ್ನೆಲ್ಲ ಮುಕ್ಕುವ ವಿದ್ಯಾರ್ಥಿನಿಗೆ ಇರುವುದು ಮನಸ್ಸಿನ ತೊಂದರೆಯಲ್ಲ, ಬರೀ ಹಸಿವು. ನೆದರ್ಲೆಂಡ್ಸಿನಲ್ಲಿ ರೂಪುಗೊಂಡು 1986ರಲ್ಲಿ ಪ್ರಕಟವಾದ, ಇಂದಿಗೂ ಬಳಕೆಯಲ್ಲಿರುವ ಒಂದು ಪ್ರಶ್ನಾವಳಿ ಭಾವನೆಗೆ ತಿನ್ನುವುದು, ಕಣ್ಣಿಗೆ ಕಂಡದ್ದಕ್ಕೆ ತಿನ್ನುವುದು, ಬಾಯಿ ಕಟ್ಟುವುದು ಎಂಬ ಮೂರನ್ನು ಬೇರೆಬೇರೆಯಾಗಿ ಅಳೆಯುತ್ತದೆ. ನಮ್ಮಲ್ಲಿ ಮೊದಲನೆಯದರ ದೂರು ಹೊತ್ತು ಬರುವ ಅನೇಕರಲ್ಲಿ ಮೂರನೆಯದೇ ಮೂಲವಾಗಿರುತ್ತದೆ. ಹಗಲಿಡೀ ಕಟ್ಟಿದ ಬಾಯಿ ರಾತ್ರಿ ಬಿಚ್ಚುತ್ತದೆ. ಅಂಥವರಿಗೆ ನಾನು ಮೊದಲು ಹೇಳುವುದು ಬೆಳಗ್ಗೆ ಹೊಟ್ಟೆ ತುಂಬ ತಿನ್ನಲು.

ಒಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರಿಗೆ ಬೆವರು, ನಡುಕ, ಎದೆಬಡಿತಗಳೊಂದಿಗೆ ಹಠಾತ್ತನೆ ಹಸಿವಾದರೆ ಅದನ್ನು ಮನಸ್ಸಿನ ಮೇಲೆ ಹಾಕಬಾರದು. ರಕ್ತದ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದಿರಬಹುದು. ಕೂಡಲೇ ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷದ ಬಳಿಕ ಮತ್ತೆ ಪರೀಕ್ಷಿಸಿಕೊಳ್ಳಬೇಕು.

ಸ್ವಲ್ಪ ಹೊತ್ತಿನೊಳಗೆ ಬಹಳಷ್ಟನ್ನು, ತಡೆಯಲಾರದೆ, ವಾರಕ್ಕೆ ಒಮ್ಮೆಯಾದರೂ ಮೂರು ತಿಂಗಳ ಕಾಲ ತಿನ್ನುತ್ತಿದ್ದು, ಆಮೇಲೆ ತೀವ್ರ ಸಂಕಟ ಪಡುತ್ತಿದ್ದರೆ ಅದು ಅತಿಭಕ್ಷಣೆಯ ಕಾಯಿಲೆಯಾಗಿರಬಹುದು. ಅದಕ್ಕೆ ಚಿಕಿತ್ಸೆಯಿದೆ, ಡಯಟ್ ಪಟ್ಟಿ ಅದರ ಮದ್ದಲ್ಲ. ಒಳಗಿನ ಮಾತನ್ನು ಮಲಯಾಳದಲ್ಲಿ ಹೇಳಿಕೊಳ್ಳಲು ಹಿಂಜರಿಯುವ ಗಡಿಯ ಕನ್ನಡಿಗರು 14416ಕ್ಕೆ, ಅಂದರೆ ಸರಕಾರದ ಉಚಿತ ಟೆಲಿ ಮಾನಸ್ ಸೇವೆಗೆ ಕರೆ ಮಾಡಿದರೆ ಭಾಷೆಗಳ ಆಯ್ಕೆಯಲ್ಲಿ ಕನ್ನಡವೂ ಇದೆ.