ಮೊದಲು ಬಟ್ಟೆ ನೋಡಿ, ಆಮೇಲೆ ಬರೆಯಿರಿ

ಫ್ಯಾಷನ್ ಬರಹ ಕಲಿಯಲು ಬರುವವರ ಮೊದಲ ಲೇಖನ ಕೈಗೆ ಬಂದ ಕೂಡಲೇ ನಾನು ಪೆನ್ನು ತೆಗೆದು 'ಮನಮೋಹಕ', 'ಅದ್ಭುತ', 'ಕಣ್ಮನ ಸೆಳೆಯುವ' ಎಂದಿದ್ದಲ್ಲೆಲ್ಲ ಗೆರೆ ಎಳೆಯುತ್ತೇನೆ. ಅವನ್ನು ತೆಗೆದು ಉಳಿದದ್ದನ್ನು ಓದಿದರೆ ಎಷ್ಟೋ ಸಲ ಉಡುಪಿನ ಬಣ್ಣ ಕೂಡ ಗೊತ್ತಾಗುವುದಿಲ್ಲ. ತೋಳು ಉದ್ದವಿತ್ತಾ, ಗಿಡ್ಡವಿತ್ತಾ? ನಡೆಯುವಾಗ ಬಟ್ಟೆ ಕಾಲಿಗೆ ಅಂಟುತ್ತಿತ್ತಾ? ಕೇಳಿದರೆ ಉತ್ತರವಿಲ್ಲ. ಯಾಕೆಂದರೆ ಅವರು ಓದಿದ್ದು ಡಿಸೈನರ್ ಕಡೆಯವರು ಕಳಿಸಿದ ಪ್ರಕಟಣೆ, ಉಡುಪನ್ನು ನೋಡೇ ಇಲ್ಲ.

ತುಂಬಾ ಚೆನ್ನಾಗಿ ಬರೆಯುವ ಹುಡುಗಿಯೊಬ್ಬಳು ಒಂದು ಸ್ಯಾಟಿನ್ ಗೌನನ್ನು 'ಅಪ್ಪಟ ರೇಷ್ಮೆ' ಎಂದು ಬರೆದಿದ್ದಳು. ಹಾಗೇ ಅಚ್ಚಾಯಿತು. ಮರುದಿನವೇ ಅದನ್ನು ಹೊಲಿದ ಟೈಲರ್ ಫೋನ್ ಮಾಡಿ, ಅದು ಪಾಲಿಯೆಸ್ಟರ್ ಎಂದರು. ತಿದ್ದುಪಡಿ ಹಾಕಬೇಕಾಯಿತು. 'ಸ್ಯಾಟಿನ್ ಅಂದರೆ ರೇಷ್ಮೆ ಅಲ್ವಾ ಮೇಡಂ?' ಎಂದಳು, ಪಾಪ, ಕಣ್ಣಲ್ಲಿ ನೀರು.

ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ರೇಷ್ಮೆ ಎನ್ನುವುದು ನೂಲು. ಸ್ಯಾಟಿನ್ ಎನ್ನುವುದು ನೇಯ್ಗೆ. ಮಾಮೂಲಿ ನೇಯ್ಗೆಯಲ್ಲಿ ಹಾಸಿನ (ಉದ್ದಕ್ಕೆ ಹೋಗುವ) ಎಳೆ ಹೊಕ್ಕಿನ (ಅಡ್ಡಕ್ಕೆ ಹೋಗುವ) ಒಂದು ಎಳೆಯ ಮೇಲೆ, ಇನ್ನೊಂದರ ಕೆಳಗೆ ಹೋಗುತ್ತದೆ. ಸ್ಯಾಟಿನ್‌ನಲ್ಲಿ ಅದು ನಾಲ್ಕೋ ಅದಕ್ಕಿಂತ ಜಾಸ್ತಿಯೋ ಎಳೆಗಳ ಮೇಲೆ ಹಾದು ಒಂದರ ಕೆಳಗೆ ಮಾತ್ರ ಇಳಿಯುತ್ತದೆ, ಹಾಗಾಗಿ ಬೆಳಕು ಆ ಉದ್ದ ಎಳೆಗಳ ಮೇಲೆ ಬಿದ್ದು ಹೊಳೆಯುತ್ತದೆ, ಉಂಗುರ ತಾಗಿದರೆ ಎಳೆ ಎದ್ದು ಬರುವುದೂ ಅದಕ್ಕೇ. ನೂಲು ರೇಷ್ಮೆಯದ್ದೇ ಇರಲಿ, ಪಾಲಿಯೆಸ್ಟರಿನದ್ದೇ ಇರಲಿ, ನೇಯ್ಗೆ ಹೀಗಿದ್ದರೆ ಅದು ಸ್ಯಾಟಿನ್. ಜಾರ್ಜೆಟ್, ಶಿಫಾನ್, ವೆಲ್ವೆಟ್ ಕೂಡ ಹೀಗೇ, ಇವು ನೂಲಿನ ಹೆಸರುಗಳಲ್ಲ. ಬಿಡಿ ಎಳೆ ಸಿಕ್ಕಿ ಸುಟ್ಟು ನೋಡಿದರೆ ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ. ಆದರೆ ಬೆರಕೆ ನೂಲಿನಲ್ಲಿ ಈ ಪರೀಕ್ಷೆ ದಾರಿ ತಪ್ಪಿಸಬಹುದು. ಲೇಬಲ್ ನೋಡಿ, ಹೊಲಿದವರನ್ನು ಕೇಳಿ. ಆಗಲೂ ಖಾತ್ರಿ ಇಲ್ಲವಾ, ಸುಮ್ನೆ 'ಸ್ಯಾಟಿನ್ ಗೌನ್' ಎಂದು ಬರೆಯಿರಿ.

ಸರಿಯಾಗಿ ನೋಡಿದರೆ ವಿಶೇಷಣವೇ ಬೇಕಾಗುವುದಿಲ್ಲ. 2005ರ ಜನವರಿಯಲ್ಲಿ ನಾಜಿಗಳ ಆಶ್ವಿಟ್ಜ್ ಸಾವಿನ ಶಿಬಿರದ ಬಿಡುಗಡೆಯ 60ನೇ ವರ್ಷದ ಸ್ಮರಣೆಗೆ ಬೇರೆ ನಾಯಕರು ಗಾಢ ಬಣ್ಣದ ಕೋಟು ತೊಟ್ಟು ಬಂದಿದ್ದರು. ಅಮೆರಿಕದ ಆಗಿನ ಉಪಾಧ್ಯಕ್ಷ ಡಿಕ್ ಚೇನಿ ಮಾತ್ರ ತುಪ್ಪಳದ ಅಂಚಿನ ಹಸಿರು ಪಾರ್ಕಾ (ಚಳಿಗೆ ಹಾಕುವ ದಪ್ಪ ಜಾಕೆಟ್), ಹೈಕಿಂಗ್ ಬೂಟು ಹಾಕಿದ್ದರು. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಫ್ಯಾಷನ್ ಬರಹಗಾರ್ತಿ ರಾಬಿನ್ ಗಿವಾನ್, ಚೇನಿಯ ಟೋಪಿಯ ಮೇಲೆ ಕಸೂತಿಯಲ್ಲಿದ್ದ 'ಸ್ಟಾಫ್ 2001' ಎಂಬ ಅಕ್ಷರವನ್ನೂ ಬಿಡದೆ ಬರೆದರು. ಅಲ್ಲಿಗೆ ಆ ಉಡುಪು ಸಲ್ಲದು ಎನ್ನುವುದು ಓದುಗರಿಗೆ ಆ ಟೋಪಿಯಿಂದಲೇ ಗೊತ್ತಾಗುತ್ತದೆ. ಮರುವರ್ಷ, 2006ರಲ್ಲಿ, ಗಿವಾನ್‌ಗೆ ವಿಮರ್ಶೆಗಾಗಿ ಅಮೆರಿಕದ ದೊಡ್ಡ ಪತ್ರಿಕೋದ್ಯಮ ಪ್ರಶಸ್ತಿ ಪುಲಿಟ್ಜರ್ ಬಂತು. ಫ್ಯಾಷನ್ ಬರಹಕ್ಕೆ ಅದು ಸಿಕ್ಕಿದ್ದು ಅದೇ ಮೊದಲು.

ಅಚ್ಚಿಗೂ ಆನ್‌ಲೈನ್‌ಗೂ ಬೇರೆ ಬೇರೆ ಥರ ಬರೆಯಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಸ್ವಲ್ಪ ಹೌದು. ಮಾಸಪತ್ರಿಕೆಯ ಪುಟ ತಿಂಗಳುಗಳ ಮುಂಚೆಯೇ ಸಿದ್ಧವಾಗುವುದರಿಂದ ಅಲ್ಲಿ 'ನಿನ್ನೆ', 'ಈ ವಾರ' ನಡೆಯುವುದಿಲ್ಲ. ಆನ್‌ಲೈನ್‌ನಲ್ಲಿ ಡಿಸೈನರ್ ಹೆಸರು, ಉಡುಪಿನ ಹೆಸರು ತಲೆಬರಹದಲ್ಲೇ ಇದ್ದರೆ ಹುಡುಕುವವರಿಗೆ ಸಿಗುತ್ತದೆ. ಅಲ್ಲಿ ಓದುಗರು ಫೋಟೋ ಹಿಗ್ಗಿಸಿ ನೋಡುತ್ತಾರೆ, ನೀವು ತೋಳಿಲ್ಲ ಎಂದು ಬರೆದ ಕಡೆ ತೋಳಿದ್ದರೆ ಹತ್ತೇ ನಿಮಿಷಕ್ಕೆ ಹೇಳುತ್ತಾರೆ. ತಿದ್ದಿ, ತಿದ್ದಿದ್ದೇವೆ ಎಂದೂ ಬರೆಯಿರಿ.

ಆ ಹುಡುಗಿ ಈಗ ಶೋ ಮುಗಿದ ಮೇಲೆ ಒಳಗೆ ಹೋಗಿ, ಅನುಮತಿ ಕೇಳಿ, ಉಡುಪಿನ ಅಂಚು ತಿರುಗಿಸಿ ಒಳಹೊಲಿಗೆ ನೋಡುತ್ತಾಳೆ. ಮೊನ್ನೆ ಕಳಿಸಿದ ವರದಿಯ ಮೊದಲ ಸಾಲು ಹೀಗಿತ್ತು: 'ಕೋಟಿನ ಎಡ ತೋಳು ಬಲ ತೋಳಿಗಿಂತ ಎರಡು ಬೆರಳು ಉದ್ದ, ಬೇಕೆಂದೇ.' ಬೇಕೆಂದೇ ಅಂತ ಹೇಗೆ ಗೊತ್ತಮ್ಮಾ ಎಂದೆ.

'ಕತ್ತರಿಸಿದವರನ್ನೇ ಕೇಳಿದೆ ಮೇಡಂ. ನಮೂನೆ ಕಾಗದ ಕೂಡ ತೋರಿಸಿದರು.'