ಗಟ್ಟಿಯಾದ ಬ್ರೆಡ್ ಒಣಗಿದ ಬ್ರೆಡ್ ಅಲ್ಲ

ಪ್ರಶ್ನೆ: ಮೂರು ದಿನದ ಹಳೆ ಬ್ರೆಡ್ ತಗೊಂಡು ಮಿಕ್ಸಿಯಲ್ಲಿ ಪುಡಿ ಮಾಡಿ, ಬೆಳ್ಳುಳ್ಳಿ ಹಾಕಿದ ಎಣ್ಣೆಯಲ್ಲಿ ಹುರಿದೆ. ಬಾಣಲೆಯಲ್ಲಿ ಉಂಡೆ ಉಂಡೆಯಾಯಿತು. ಇನ್ನೂ ಸ್ವಲ್ಪ ಎಣ್ಣೆ ಹಾಕಿದೆ. ಆದರೂ ಪಾಸ್ತಾ ಮೇಲೆ ಉದುರಿಸಿದಾಗ ಒದ್ದೆ ಮರಳಿನ ಹಾಗಿತ್ತು. ಹೋಟೆಲಿನಲ್ಲಿ ಗರಿಗರಿಯಾಗಿ ಇರುತ್ತಲ್ಲ, ಅದು ಹೇಗೆ?

ಈ ಪ್ರಶ್ನೆಗೆ ನಾನು ಉತ್ತರ ಕೊಡುತ್ತಿರುವುದು ಎಷ್ಟನೇ ಸಲವೋ ಗೊತ್ತಿಲ್ಲ. ಕೇಳುವವರು ಬೇರೆ ಬೇರೆ. ಆದರೆ ಎಲ್ಲರ ಪ್ರಶ್ನೆಯಲ್ಲೂ ಒಂದು ಮಾತು ಇದ್ದೇ ಇರುತ್ತದೆ. 'ಹಳೆ ಬ್ರೆಡ್ಡೇ ತಗೊಂಡಿದ್ದೆ' ಅಂತ. ಎಡವಿದ್ದು ಅಲ್ಲೇ. ನಿಮ್ಮ ಬೆಳ್ಳುಳ್ಳಿ ಸರಿ ಇತ್ತು, ಎಣ್ಣೆ ಸರಿ ಇತ್ತು, ಬಾಣಲೆಯೂ ಸರಿ ಇತ್ತು. ಬ್ರೆಡ್ ಮಾತ್ರ ಒಣಗಿರಲಿಲ್ಲ. ಸುಮ್ನೆ ಗಟ್ಟಿ ಆಗಿತ್ತು.

ಅವಸರ ಇರುವವರಿಗೆ ಇಷ್ಟು ಸಾಕು. ಬ್ರೆಡ್ಡನ್ನು ಮೊದಲು ಒಣಗಿಸಿ, ಆಮೇಲೆ ಪುಡಿ ಮಾಡಿ, ಕೊನೆಗೆ ಹುರಿಯಿರಿ. ಒಣಗಿಸುವ ಕೆಲಸವನ್ನು ನೀವೇ ಮಾಡಬೇಕು. ಕವರಿನಲ್ಲಿ ಎಷ್ಟು ದಿನ ಇಟ್ಟರೂ ಅದು ತಾನಾಗಿ ಆಗುವುದಿಲ್ಲ.

ಹಳೆ ಬ್ರೆಡ್ ಅಂದರೆ ಒಣ ಬ್ರೆಡ್ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ನಾನು ಬೇಡ ಅಂದಾಗಲೆಲ್ಲ ಯಾರಾದರೂ ಸ್ಲೈಸ್ ತಂದು 'ನೋಡಿ, ಎಷ್ಟು ಗಟ್ಟಿ ಇದೆ' ಎಂದು ತೋರಿಸುತ್ತಾರೆ. ಗಟ್ಟಿ ಇದೆ, ಒಪ್ಪುತ್ತೇನೆ. ಈಗ ನಿಮ್ಮ ಅಡುಗೆಮನೆಯ ಇನ್ನೊಂದು ವಸ್ತುವನ್ನು ನೆನಪು ಮಾಡಿಕೊಳ್ಳಿ. ರಾತ್ರಿ ಉಳಿದ ಅನ್ನವನ್ನು ಡಬ್ಬಿಗೆ ಹಾಕಿ, ಮುಚ್ಚಳ ಬಿಗಿಮಾಡಿ ಫ್ರಿಜ್‌ನಲ್ಲಿ ಇಡುತ್ತೀರಿ. ಬೆಳಿಗ್ಗೆ ತೆಗೆದರೆ ಅಗುಳು ಗಟ್ಟಿ. ಚಿತ್ರಾನ್ನಕ್ಕೆ ಬಿಡಿಬಿಡಿಯಾಗಿ ಸಿಗುವುದು ಅದೇ ಅನ್ನ. ಅದರ ನೀರು ಎಲ್ಲಿಗೆ ಹೋಯಿತು? ಮುಚ್ಚಿದ ಡಬ್ಬಿಯಿಂದ ಎಲ್ಲಿಗೂ ಹೋಗಿಲ್ಲ. ಮುಚ್ಚಿ ಬಿಸಿ ಮಾಡಿ ನೋಡಿ, ಮತ್ತೆ ಮೆತ್ತಗಾಗುತ್ತದೆ. ಬ್ರೆಡ್ಡಿನ ಕಥೆಯೂ ಇದೇ.

ಅನ್ನದಲ್ಲೂ ಬ್ರೆಡ್ಡಿನಲ್ಲೂ ಇರುವುದು ಹೆಚ್ಚಾಗಿ ಪಿಷ್ಟ. ಬೇಯುವಾಗ ಪಿಷ್ಟದ ಕಾಳುಗಳು ನೀರು ಹೀರಿ ಉಬ್ಬುತ್ತವೆ, ಮೆತ್ತಗಾಗುತ್ತವೆ. ತಣ್ಣಗಾದ ಮೇಲೆ ಪಿಷ್ಟದ ಎಳೆಗಳು ನಿಧಾನವಾಗಿ ಒಂದರ ಪಕ್ಕ ಒಂದು ಸೇರಿಕೊಂಡು ಹರಳುಗಟ್ಟುತ್ತವೆ. ಬಾಯಿಗೆ ಅದು ಗಟ್ಟಿ ಅನಿಸುತ್ತದೆ. ಆದರೆ ನೀರು ಒಳಗೇ ಇರುತ್ತದೆ. ಫ್ರಿಜ್‌ನ ತಂಪಿನಲ್ಲಂತೂ ಈ ಕೆಲಸ ಹೊರಗಿಗಿಂತ ಜೋರಾಗಿ ನಡೆಯುತ್ತದೆ.

ಇದು ಹೊಸದಾಗಿ ಯಾರೋ ಕಂಡುಹಿಡಿದದ್ದೂ ಅಲ್ಲ. ಫ್ರಾನ್ಸಿನ ರಸಾಯನ ವಿಜ್ಞಾನಿ ಜಾಂ-ಬತೀಸ್ತ್ ಬುಸೆಂಗೋ 1852ರಲ್ಲೇ ಇದನ್ನು ತೋರಿಸಿಕೊಟ್ಟರು. ಒಂದು ಹನಿ ನೀರೂ ಆರದ ಹಾಗೆ ಬ್ರೆಡ್ಡನ್ನು ಮುಚ್ಚಿಟ್ಟರು. ಆದರೂ ಅದು ಹಳಸಲು ಗಟ್ಟಿಯಾಯಿತು. ಅದನ್ನೇ 60 ಡಿಗ್ರಿ ಸೆಲ್ಸಿಯಸ್ಸಿನಷ್ಟು ಬಿಸಿ ಮಾಡಿದಾಗ ಮತ್ತೆ ಮೆತ್ತಗಾಯಿತು. ಹೊರಗಿನಿಂದ ನೀರು ಸೇರಿಸದೆ ಮೆತ್ತಗಾಯಿತು ಅಂದರೆ ನೀರು ಅದರಲ್ಲೇ ಇತ್ತು ಅಂತ ತಾನೇ? 1852ರಲ್ಲಿ ಇತ್ಯರ್ಥವಾದ ವಿಷಯವನ್ನು ನಾವು ಇನ್ನೂ ಚರ್ಚೆ ಮಾಡುತ್ತಿದ್ದೇವೆ, ಅದೇ ನನಗೆ ಬೇಸರ.

ಈಗ ನಿಮ್ಮ ಬಾಣಲೆಗೆ ಬನ್ನಿ. ಬಿಳಿ ಬ್ರೆಡ್ಡಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಆ ಪುಡಿ ಬಿಸಿ ಎಣ್ಣೆಗೆ ಬಿದ್ದು 60 ಡಿಗ್ರಿ ದಾಟಿದ ಕೂಡಲೇ ಮೂರು ದಿನದ ಗಟ್ಟಿತನವೆಲ್ಲ ಕರಗುತ್ತದೆ. ಪುಡಿ ಮತ್ತೆ ತಾಜಾ ಬ್ರೆಡ್ ಆಗುತ್ತದೆ. ಮೆತ್ತಗಿನ ಬ್ರೆಡ್ಡು ಎಣ್ಣೆ ಕುಡಿಯುತ್ತದೆ, ಒಂದಕ್ಕೊಂದು ಅಂಟುತ್ತದೆ. ನೀವು ಕಂಡ ಉಂಡೆ ಅದೇ. ಆಮೇಲೆ ಸುರಿದ ಎಣ್ಣೆ ನೀರನ್ನು ಓಡಿಸುವುದಿಲ್ಲ. ನೀರಿನ ಜೊತೆಗೆ ಜಿಡ್ಡೂ ಸೇರಿತು, ಅಷ್ಟೇ. ಹಾಗೇ ಹುರಿಯುತ್ತಾ ಹೋದರೆ ಸಣ್ಣ ಪುಡಿ ಕರಕಲಾಗುತ್ತದೆ, ದಪ್ಪ ತುಣುಕು ಒಳಗೆ ಹಸಿಯಾಗೇ ಉಳಿಯುತ್ತದೆ.

ನಂಬದವರು ತಕ್ಕಡಿ ತನ್ನಿ. ನಾನು ಮಾಡಿ ನೋಡಿದ್ದೇನೆ. 100 ಗ್ರಾಂ ಸ್ಲೈಸನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಫ್ರಿಜ್‌ನಲ್ಲಿಟ್ಟು ಮತ್ತೆ ತೂಗಿದೆ. ಒಂದು ಗ್ರಾಂ ಕೂಡ ಕಡಿಮೆ ಆಗಿರಲಿಲ್ಲ. ಅದನ್ನೇ ಓವನ್ನಿನಲ್ಲಿ ಒಣಗಿಸಿ ತೂಗಿದಾಗ 66 ಗ್ರಾಂ ಬಂತು. ಮೂರು ದಿನದಲ್ಲಿ ಹೋಗದ ನೀರು ಅರ್ಧ ಗಂಟೆಯಲ್ಲಿ ಹೋಯಿತು. ನನ್ನ ಅಡುಗೆಮನೆಯಲ್ಲಿ ನಡೆದ ಪರೀಕ್ಷೆಗಳಲ್ಲಿ ನನಗೆ ಬಹಳ ಖುಷಿ ಕೊಟ್ಟದ್ದು ಇದು.

'ಮತ್ತೆ ಹಳೆಯ ಅಡುಗೆ ಪುಸ್ತಕಗಳು ಹಳೆ ಬ್ರೆಡ್ ಅಂತಲೇ ಹೇಳುತ್ತವಲ್ಲ?' ಈ ಮರುಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಇಟಲಿಯ ದಕ್ಷಿಣದ ಸಿಸಿಲಿ ದ್ವೀಪದ ಕಡೆ ನೋಡಬೇಕು. ಹುರಿದ ಬ್ರೆಡ್ ಪುಡಿಯನ್ನು ಊಟದ ಮೇಲೆ ಉದುರಿಸುವುದು ಅಲ್ಲಿ ದಿನದ ಅಡುಗೆ. ಅದಕ್ಕೆ ಅಲ್ಲಿನವರು 'ಮುದ್ದಿಕಾ ಅತ್ತುರ್ರಾತಾ' ಅನ್ನುತ್ತಾರೆ. ಮುದ್ದಿಕಾ ಅಂದರೆ ಬ್ರೆಡ್ಡಿನ ಒಳಗಿನ ತಿರುಳು, ಅತ್ತುರ್ರಾತಾ ಅಂದರೆ ಹುರಿದದ್ದು. ಚೀಸ್ ಕೊಳ್ಳಲು ಆಗದ ಮನೆಗಳಲ್ಲಿ ಪಾಸ್ತಾ ಮೇಲೆ ಚೀಸ್ ಬದಲು ಇದೇ ಬೀಳುತ್ತಿತ್ತು. ಪಲೆರ್ಮೊದ ಸಾರ್ಡೀನ್ ಮೀನಿನ ಪಾಸ್ತಾ ಇದಿಲ್ಲದೆ ಪೂರ್ತಿಯಾಗುವುದಿಲ್ಲ. ಮಾರ್ಚ್ 19ರ ಸಂತ ಜೋಸೆಫರ ಹಬ್ಬದ ದಿನವೂ ಪಾಸ್ತಾ ಮೇಲೆ ಈ ಪುಡಿ ಬೇಕು. ಜೋಸೆಫ್ ಬಡಗಿ ಅಲ್ವಾ, ಪುಡಿ ಅವರ ಮರದ ಹೊಟ್ಟಿನ ಗುರುತು ಅನ್ನುತ್ತಾರೆ.

ಆ ಮನೆಗಳಲ್ಲಿ ಬ್ರೆಡ್ ಪ್ಲಾಸ್ಟಿಕ್ ಕವರಿನಲ್ಲಿ ಇರುತ್ತಿರಲಿಲ್ಲ. ದೊಡ್ಡ ರೊಟ್ಟಿ ಮೇಜಿನ ಮೇಲೆ, ಹೆಚ್ಚೆಂದರೆ ಒಂದು ಬಟ್ಟೆಯಲ್ಲಿ ಸುತ್ತಿ ಇರುತ್ತಿತ್ತು. ಬೇಸಿಗೆ ಬಿಸಿ, ಗಾಳಿ ಒಣ. ಹಾಗಾಗಿ ಅದು ಹಳೆಯದಾಗುತ್ತಾ ಒಣಗುತ್ತಲೂ ಇತ್ತು. ಅಲ್ಲಿ ಹಳೆ ಬ್ರೆಡ್ ಅಂದರೆ ನಿಜಕ್ಕೂ ಒಣ ಬ್ರೆಡ್. ಮಾತು ಉಳಿಯಿತು, ಕವರ್ ಬಂತು. ಕವರಿನ ಬ್ರೆಡ್ಡಿಗೆ ಆ ಮಾತು ಹೊಂದುವುದಿಲ್ಲ ಅನ್ನುವುದನ್ನು ಯಾರೂ ತಿದ್ದಲಿಲ್ಲ.

ಸರಿ, ಈಗ ಕೆಲಸಕ್ಕೆ ಇಳಿಯೋಣ. ನಾಲ್ಕು ಸ್ಲೈಸ್ ತಗೊಳ್ಳಿ. ಇವತ್ತಿನದಾದರೂ ಆಗುತ್ತದೆ, ಮೂರು ದಿನದ್ದಾದರೂ ಆಗುತ್ತದೆ. ಕೈಯಲ್ಲಿ ಮುರಿದು ತಟ್ಟೆಯಲ್ಲಿ ಹರಡಿ, 120 ಡಿಗ್ರಿ ಓವನ್ನಿನಲ್ಲಿ ಇಪ್ಪತ್ತೈದರಿಂದ ಮೂವತ್ತು ನಿಮಿಷ ಇಡಿ. ಬಣ್ಣ ಬರಬೇಕಾಗಿಲ್ಲ, ನೀರು ಹೋದರೆ ಸಾಕು. ಓವನ್ ಇಲ್ಲದವರು ದಪ್ಪ ಕಾವಲಿಯಲ್ಲಿ ತೀರಾ ಸಣ್ಣ ಉರಿಯಲ್ಲಿ, ಮಗುಚುತ್ತಾ ಒಣಗಿಸಿ. ಬಳ್ಳಾರಿ, ಕಲಬುರಗಿ ಕಡೆಯವರು ಏಪ್ರಿಲ್‌ನಲ್ಲಿ ಸಂಡಿಗೆ ಪಕ್ಕದಲ್ಲೇ ಬಿಸಿಲಿಗೆ ಹರಡಿದರೂ ನಡೆಯುತ್ತದೆ. ಯಾವ ದಾರಿ ಹಿಡಿದರೂ ಪರೀಕ್ಷೆ ಒಂದೇ. ಒಂದು ತುಂಡು ತಣ್ಣಗಾದ ಮೇಲೆ ಮುರಿದರೆ ಟಕ್ ಅಂತ ತುಂಡಾಗಬೇಕು. ಬಾಗಿದರೆ ಇನ್ನೂ ನೀರಿದೆ.

ಮಿಕ್ಸಿಯನ್ನು ಒಂದೇ ಸಮನೆ ಓಡಿಸಬೇಡಿ. ತಟ್ಟಿ ತಟ್ಟಿ ಬಿಡಿ, ಮೂರು ನಾಲ್ಕು ಸಲ. ಚಿರೋಟಿ ರವೆಯಷ್ಟು ಸಣ್ಣಗಾದರೆ ಬಾಯಿಗೆ ಮರಳಿನ ಹಾಗೆ ಸಿಗುತ್ತದೆ. ಇಡ್ಲಿ ರವೆಗಿಂತ ತುಸು ದಪ್ಪ ಇರಲಿ. ಆಮೇಲೆ ಒಂದು ಸಲ ಜರಡಿ ಹಿಡಿಯಿರಿ. ಕೆಳಗೆ ಬಿದ್ದ ಧೂಳು ಬಾಣಲೆಯಲ್ಲಿ ಎಲ್ಲಕ್ಕಿಂತ ಮೊದಲು ಸೀದು ಕಹಿ ಬಿಡುತ್ತದೆ. ಅದನ್ನು ಎತ್ತಿಟ್ಟು ಕಟ್ಲೆಟ್ಟಿಗೆ ಬಳಸಿ.

ಎರಡು ಚಮಚ ಎಣ್ಣೆ ಸಾಕು. ಜಜ್ಜಿದ ಮೂರು ಎಸಳು ಬೆಳ್ಳುಳ್ಳಿಯನ್ನು ತಣ್ಣಗಿನ ಎಣ್ಣೆಗೇ ಹಾಕಿ ಉರಿ ಹಚ್ಚಿ. ಕೆಂಪಗಾಗುತ್ತಿದ್ದ ಹಾಗೇ ಎಸಳು ತೆಗೆದುಬಿಡಿ. ಪರಿಮಳ ಎಣ್ಣೆಗೆ ಬಂದಿರುತ್ತದೆ, ಹಸಿ ಬೆಳ್ಳುಳ್ಳಿಯ ನೀರು ಪುಡಿಗೆ ಸೇರುವುದಿಲ್ಲ. ಈಗ ಪುಡಿ ಹಾಕಿ, ಸಣ್ಣ ಉರಿಯಲ್ಲಿ ಕೈ ಬಿಡದೆ ಕದಡಿ. ಒಣಗಿದ ಪುಡಿಗೆ ನಾಲ್ಕು ನಿಮಿಷದಲ್ಲೇ ಹೊಂಬಣ್ಣ ಬರುತ್ತದೆ. ನಮ್ಮ ಬ್ರೆಡ್ಡಿಗೆ ಸಕ್ಕರೆ ಹಾಕಿರುತ್ತಾರೆ, ಬಣ್ಣ ತಿರುಗಿದ ಮೇಲೆ ಸೀಯಲು ಹೆಚ್ಚು ಹೊತ್ತು ಬೇಡ. ಬಾಣಲೆಯಲ್ಲೇ ಬಿಡದೆ ಅಗಲದ ತಟ್ಟೆಗೆ ಸುರಿಯಿರಿ.

ಬೆಣ್ಣೆ ಬಳಸುತ್ತೇನೆ ಅನ್ನುವವರಿಗೆ ಒಂದು ಮಾತು. ಬೆಣ್ಣೆಯಲ್ಲಿ ನೂರಕ್ಕೆ ಸುಮಾರು 16 ಭಾಗ ನೀರು ಇರುತ್ತದೆ. ಅಷ್ಟು ಕಷ್ಟಪಟ್ಟು ಒಣಗಿಸಿದ ಪುಡಿಗೆ ಮತ್ತೆ ನೀರು ಯಾಕೆ? ತುಪ್ಪ ಹಾಕಿ. ತುಪ್ಪದಲ್ಲಿ ನೀರು ಇಲ್ಲವೇ ಇಲ್ಲ ಅನ್ನಬಹುದು. ಈ ವಿಷಯದಲ್ಲಿ ನಮ್ಮ ಅಡುಗೆಮನೆ ಒಂದು ಹೆಜ್ಜೆ ಮುಂದೆಯೇ ಇದೆ.

ಮಸಾಲೆಗೂ ಇದೇ ಲೆಕ್ಕ. ಒಣ ಪದಾರ್ಥ ಬೇಕು. ಓಂಕಾಳು, ಚೂರು ಮಾಡಿದ ಒಣಮೆಣಸಿನಕಾಯಿ, ಗರಿಗರಿ ಹುರಿದು ಕೈಯಲ್ಲಿ ಪುಡಿ ಮಾಡಿದ ಕರಿಬೇವು ಚೆನ್ನಾಗಿ ಹೊಂದುತ್ತವೆ. ಅಚ್ಚಖಾರದ ಪುಡಿ ಮತ್ತು ಉಪ್ಪು ಉರಿ ಆರಿಸಿದ ಮೇಲೆ. ಹಸಿ ಕೊತ್ತಂಬರಿ ಬೇಕೇ ಬೇಕು ಅಂದರೆ ಬಡಿಸುವ ಹೊತ್ತಿಗೆ ತಟ್ಟೆಯ ಮೇಲೆ ಹಾಕಿ, ಪುಡಿಯ ಡಬ್ಬಿಗೆ ಬೇಡ.

ಪುಡಿ ಪೂರ್ತಿ ಆರುವ ತನಕ ಡಬ್ಬಿಗೆ ತುಂಬಬೇಡಿ. ಬಿಸಿ ಅವಲಕ್ಕಿ ಚೂಡಾ ಡಬ್ಬಿಗೆ ಹಾಕಿ ಮುಚ್ಚಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಬಡಿಸುವಾಗಲೂ ತಟ್ಟೆಯಲ್ಲೇ ಉದುರಿಸಿ. ಪಾತ್ರೆಯಲ್ಲಿ ಉದುರಿಸಿ ಮುಚ್ಚಳ ಮುಚ್ಚಿದರೆ ಹಬೆ ಎರಡೇ ನಿಮಿಷದಲ್ಲಿ ಎಲ್ಲವನ್ನೂ ಮೆತ್ತಗೆ ಮಾಡುತ್ತದೆ. ಪಾಸ್ತಾ ಅಂತಲ್ಲ, ಹುರಿದ ಹೂಕೋಸು, ಕುಂಬಳಕಾಯಿ ಸೂಪು, ಬೀನ್ಸ್ ಪಲ್ಯ ಯಾವುದಕ್ಕಾದರೂ ಹಾಕಬಹುದು.

ರಸ್ಕ್ ಪುಡಿ ಮಾಡಿದರೆ ಒಣಗಿಸುವ ಕೆಲಸ ಉಳಿಯುತ್ತದಲ್ಲ ಅಂತಲೂ ಕೇಳುತ್ತಾರೆ. ಉಳಿಯುತ್ತದೆ, ಆದರೆ ಸಿಹಿ ರಸ್ಕ್ ಬೇಗ ಸೀಯುತ್ತದೆ, ಬೆಳ್ಳುಳ್ಳಿಗೆ ಹೊಂದುವುದಿಲ್ಲ. ಅಯ್ಯಂಗಾರ್ ಬೇಕರಿಯಲ್ಲಿ ಖಾರದ ಟೋಸ್ಟ್ ಸಿಕ್ಕರೆ ಧಾರಾಳವಾಗಿ ಬಳಸಿ.

ಇಷ್ಟು ಓದಿದ ಮೇಲೆ ಇನ್ನೊಂದು ಪ್ರಶ್ನೆ ಏಳಬೇಕು. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಫ್ರಿಜ್‌ನಲ್ಲಿ ಬ್ರೆಡ್ ಬೇಗ ಗಟ್ಟಿ ಆಗುತ್ತದೆ ಅಂದ ಮೇಲೆ ಅದನ್ನು ಇಡುವುದಾದರೂ ಎಲ್ಲಿ? ಎರಡು ದಿನದಲ್ಲಿ ಮುಗಿಯುವುದಾದರೆ ಹೊರಗೇ ಇರಲಿ. ಆದರೆ ಜುಲೈ ತಿಂಗಳ ಮಂಗಳೂರಿನಲ್ಲೋ ಉಡುಪಿಯಲ್ಲೋ ಈ ಮಾತು ನಡೆಯುವುದಿಲ್ಲ. ಅಲ್ಲಿ ಮೂರನೇ ದಿನಕ್ಕೆ ಬೂಸ್ಟು ಬರುತ್ತದೆ. ಒಂದು ಮೂಲೆಯಲ್ಲಿ ಹಸಿರು ಕಂಡರೂ ಇಡೀ ಪೊಟ್ಟಣ ಎಸೆಯಿರಿ. ಆ ಭಾಗ ಕತ್ತರಿಸಿ ಉಳಿದದ್ದನ್ನು ಪುಡಿ ಮಾಡುವುದು ಬೇಡ. ಬೂಸ್ಟಿನ ಬೇರು ಕಣ್ಣಿಗೆ ಕಾಣುವುದಕ್ಕಿಂತ ಒಳಗೆ ಹೋಗಿರುತ್ತದೆ.

ಮಳೆಗಾಲದಲ್ಲಿ ಸರಿಯಾದ ಜಾಗ ಫ್ರೀಜರ್. ಅಲ್ಲಿ ನೀರು ಹೆಪ್ಪುಗಟ್ಟುವುದರಿಂದ ಪಿಷ್ಟದ ಆ ಜೋಡಣೆ ನಿಂತೇಹೋಗುತ್ತದೆ. ತಂದ ದಿನವೇ ಇಡಿ, ಗಟ್ಟಿಯಾದ ಮೇಲಲ್ಲ. ಬೇಕಾದಾಗ ಸ್ಲೈಸನ್ನು ಹಾಗೇ ಕಾವಲಿ ಮೇಲೆ ಹಾಕಿ ಮುಚ್ಚಿದರೆ ಎರಡು ಮೂರು ನಿಮಿಷದಲ್ಲಿ ತಂದ ದಿನದ ಹಾಗೇ ಆಗುತ್ತದೆ. ಮಕ್ಕಳು ಬೇಡ ಅನ್ನುವ ಎರಡೂ ಬದಿಯ ದಪ್ಪ ಸ್ಲೈಸುಗಳನ್ನು ಅದೇ ಫ್ರೀಜರ್‌ನಲ್ಲಿ ಬೇರೆ ಕವರಿಗೆ ಹಾಕುತ್ತಾ ಬನ್ನಿ. ಆ ಕವರ್ ತುಂಬಿದ ದಿನ ಓವನ್ ಹಚ್ಚಿ.